ಸಹಿ ಹಾಕುವ ಮುಂಚೆ ಒಮ್ಮೆ ಓದಿ

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿ, ಬೆಳಗಾವಿ ಕಡೆಯ ಗೆಳೆಯರು ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಬಹುದಾದ ಸಾಫ್ಟ್‌ವೇರ್‌ಗೆ) ಕೋಡ್ ಕಳಿಸುತ್ತಿದ್ದಾರೆ. ಖುಷಿ. ಆದರೆ ಪ್ರಾಜೆಕ್ಟಿನವರು ಆ ಕೋಡಿನ ಹಕ್ಕಿನ ಒಪ್ಪಂದಕ್ಕೆ ಸಹಿ ಕೇಳಿದರೆ ಓದದೆ ಸುಮ್ನೆ ಕ್ಲಿಕ್ ಮಾಡಿಬಿಡುತ್ತಾರೆ.

ಲೈಸೆನ್ಸ್ ಕೊಟ್ಟರೆ ಕೋಡ್ ನಿಮ್ಮದೇ, ಬೇರೆಯವರಿಗೆ ಬಳಸಲು ಅನುಮತಿ ಅಷ್ಟೇ. ಕಾಪಿರೈಟನ್ನೇ, ಅಂದರೆ ಕೋಡಿನ ಮಾಲೀಕತ್ವವನ್ನೇ, ಬರೆದುಕೊಟ್ಟರೆ ಹೊಲ ಮಾರಿದ ಹಾಗೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನವರು ಅದನ್ನು ಕೇಳುವುದೇ ಇಲ್ಲ, ಕಳಿಸುವ ಬದಲಾವಣೆಯಲ್ಲಿ (ಪ್ಯಾಚ್) ‘ಇದನ್ನು ಕಳಿಸುವ ಹಕ್ಕು ನನಗಿದೆ’ ಅಂತ ಹೆಸರು ಹಾಕುವ ‘ಸೈನ್ಡ್-ಆಫ್-ಬೈ’ ಸಾಲು ಸಾಕು. ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ಗೆ ದೊಡ್ಡ ಬದಲಾವಣೆ ಕಳಿಸಿದರೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಹೆಸರಿಗೆ ಕಾಪಿರೈಟ್ ಬರೆದುಕೊಡಬೇಕು. ಜಿಸಿಸಿ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್) 2021ರಲ್ಲಿ ಈ ಕಡ್ಡಾಯ ಬಿಟ್ಟಿತು. ಫೌಂಡೇಶನ್ನಿಗೆ ಕೊಡಲು ನನ್ನ ತಕರಾರಿಲ್ಲ, ಕಂಪನಿಗಾದರೆ ಸ್ವಲ್ಪ ಜಾಸ್ತಿ ಹುಷಾರು. 2023ರಲ್ಲಿ ಹಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ (ಕ್ಲೌಡ್ ಸರ್ವರ್ ಇತ್ಯಾದಿಗಳನ್ನು ಕೋಡ್ ಮೂಲಕ ಸಿದ್ಧಪಡಿಸುವ ಸಾಧನ) ಲೈಸೆನ್ಸ್ ಬದಲಿಸಿದ್ದು ನೆನಪಿದೆ ಅಲ್ವಾ? ಮುಂದಿನ ಆವೃತ್ತಿಗಳು ಓಪನ್ ಸೋರ್ಸ್ ಆಗಿ ಉಳಿಯಲಿಲ್ಲ, ಅದಕ್ಕೇ ಅದರ ಓಪನ್ ಸೋರ್ಸ್ ಕವಲಾಗಿ ಓಪನ್‌ಟೋಫು ಹುಟ್ಟಿತು.

ಇನ್ನು ನಮ್ಮ 1957ರ ಕಾಪಿರೈಟ್ ಕಾಯ್ದೆ. ನೌಕರಿಯ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದ್ದೇ. ಅಂದರೆ ಕೊಡಲು ನಿಮ್ಮ ಕೈಯಲ್ಲಿ ಏನೂ ಇಲ್ಲದೆಯೂ ಸಹಿ ಹಾಕಿರಬಹುದು! ಕೋಡ್ ನಿಮ್ಮದೇ ಆಗಿದ್ದು, ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತದ ಒಳಗೆ ಅಂತಲೇ ಲೆಕ್ಕ. ಅನುಮಾನವಿದ್ದರೆ ಮೊದಲು ಎಚ್‌ಆರ್ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.