ಕಾಫಿ ಕಣದಲ್ಲಿ ಹಳೇ ಹೊಂಡಾ ಸಿಟಿಗೆ ಹೆಡರ್ ಹಾಕಿದ್ದು

ಗಾಡಿಗೆ ಹೆಡರ್ (ಇಂಜಿನ್‌ನ ಹೊಗೆ ಹೊರಗೆ ತರುವ ಬೇರೆ ಥರದ ಪೈಪು) ಹಾಕಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ‘ಸೌಂಡ್ ಹೆಂಗಿದೆ?’ ಅಂತ. ಸೌಂಡ್ ಹೆಚ್ಚುಕಮ್ಮಿ ಮೊದಲಿನಂತೆಯೇ ಇದೆ. ಹಾಗೇ ಇರಲಿ ಅಂತಲೇ ನಾನು ಇಷ್ಟು ಕಷ್ಟಪಟ್ಟಿದ್ದು. ಸೈಲೆನ್ಸರ್ ಕತ್ತರಿಸಿ ಬರೀ ಪೈಪ್ ಬಿಟ್ಟುಕೊಂಡು ಊರು ಎಬ್ಬಿಸುವುದೇ ಬೇರೆ, ಹೆಡರ್ ಹಾಕುವುದೇ ಬೇರೆ.

ನನ್ನದು ಹೊಂಡಾ ಸಿಟಿ 1.5 ವಿಟೆಕ್. 2000ದಲ್ಲಿ ಬಂದು 2003ಕ್ಕೆ ನಿಂತ ಮಾಡೆಲ್, 106 ಬಿಎಚ್‌ಪಿ. ಆ ಕಾಲಕ್ಕೆ ಅದು ದೊಡ್ಡ ಮಾತು, ಈಗಲೂ ಇಂಜಿನ್ ಮೇಲಕ್ಕೆ ಏರುವಾಗ ಮೈ ಜುಮ್ ಅನ್ನುತ್ತದೆ. ಚಿಕ್ಕಪ್ಪ ತೋಟಕ್ಕೆ ಜೀಪ್ ತಗೊಂಡ ಮೇಲೆ ಇದು ನನ್ನ ಕೈಗೆ ಬಂತು. ಚಿಕ್ಕಮಗಳೂರಿಗೆ ಗಾಡಿ ಹುಚ್ಚು ಹೊಸದಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಕೂಡ ಇಲ್ಲಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ನಡೆದಿದೆ. ರ‍್ಯಾಲಿ ಬಂತೆಂದರೆ ಬೇಲಿ ಪಕ್ಕ ನಿಂತು ಧೂಳು ಕುಡಿದು ಬೆಳೆದವರು ನಾವು.

ಮೊದಲು ಹೆಡರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಸಿಲಿಂಡರ್‌ಗಳ ಹೊಗೆಯನ್ನು ಒಟ್ಟು ಮಾಡಿ ಹೊರಗೆ ಕಳಿಸುವ ಕವಲು ಪೈಪು, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಕಂಪನಿಯಿಂದ ಬರುವಾಗ ಎರಕದ ಕಬ್ಬಿಣದ್ದು. ಗಟ್ಟಿ, ಅಗ್ಗ, ಸದ್ದು ಕಡಿಮೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದರ ದಾರಿಗಳು ಗಿಡ್ಡ. ನಾಲ್ಕು ಗದ್ದೆಯ ನೀರನ್ನು ಒಂದೇ ಸಣ್ಣ ಕಾಲುವೆಗೆ ಒಟ್ಟಿಗೆ ನುಗ್ಗಿಸಿದ ಹಾಗೆ, ಒಂದು ಸಿಲಿಂಡರ್‌ನ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುತ್ತದೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಬೇರೆ ಪೈಪು, ಉದ್ದ ಹೆಚ್ಚುಕಮ್ಮಿ ಸಮ, ಆಮೇಲೆ ಲೆಕ್ಕ ಹಾಕಿದ ಜಾಗದಲ್ಲಿ ಅವು ಸೇರುತ್ತವೆ.

ಸೇರುವ ಜಾಗದಲ್ಲೇ ಮಜಾ ಇರುವುದು. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದಾಗ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡುತ್ತದೆ. ಪೈಪು ಅಗಲವಾಗುವ ಕಡೆ ಅದು ಕಡಿಮೆ ಒತ್ತಡದ ಅಲೆಯಾಗಿ ತಿರುಗಿ ಬರುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇನ್‌ಟೇಕ್ ವಾಲ್ವ್ ತೆರೆಯುತ್ತಿರುವ ಆ ಸಣ್ಣ ಹೊತ್ತಿಗೆ ಸರಿಯಾಗಿ ಅದು ವಾಪಸ್ ಬಂದರೆ, ಉಳಿದ ಸುಟ್ಟ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಹೊಸ ಗಾಳಿಗೆ ಜಾಗ ಆಗುತ್ತದೆ. ಪೈಪು ಉದ್ದ ಇದ್ದರೆ ಈ ಲಾಭ ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ ಸಿಗುತ್ತದೆ. ಗಿಡ್ಡ ಇದ್ದರೆ ಮೇಲೆ. ಪೈಪಿನ ಅಗಲ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಅಗಲ ಜಾಸ್ತಿಯಾದರೆ ಹೊಗೆಯ ವೇಗ ಇಳಿದು ಕೆಳಗಿನ ಎಳೆತ ಸತ್ತುಹೋಗುತ್ತದೆ.

ಅದಕ್ಕೇ ನಾನು 4-2-1, ಅಂದರೆ ನಾಲ್ಕು ಪೈಪು ಎರಡಾಗಿ, ಆ ಎರಡು ಒಂದಾಗಿ ಸೇರುವ ಹೆಡರೇ ಬೇಕು ಅಂತ ಹಟ ಹಿಡಿದಿದ್ದು. ಈ ಇಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸರದಿ, 1-3-4-2. ಒಂದನೇ ಸಿಲಿಂಡರ್ ಜೊತೆ ನಾಲ್ಕನೆಯದು, ಎರಡರ ಜೊತೆ ಮೂರು ಜೋಡಿ ಮಾಡಿದರೆ ಜೋಡಿಯೊಳಗೆ ಎರಡು ಹೊಡೆತಗಳ ನಡುವೆ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ, ಅಂದರೆ 360 ಡಿಗ್ರಿ. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದೇ ಇಲ್ಲ. ನಾಲ್ಕೂ ನೇರ ಒಂದಕ್ಕೆ ಸೇರುವ 4-1 ಹೆಡರ್ ಟ್ರ್ಯಾಕ್‌ನವರಿಗೆ ಚೆನ್ನ, ಅವರು ಇಡೀ ಹೊತ್ತು ಮೇಲಿನ ಆರ್‌ಪಿಎಂನಲ್ಲೇ ಇರುತ್ತಾರೆ. ನಾವು ಓಡಿಸುವುದು ಎಲ್ಲಿ? ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯಲ್ಲಿ, ಆಲ್ದೂರು ಬಾಳೆಹೊನ್ನೂರು ರಸ್ತೆಯ ತಿರುವುಗಳಲ್ಲಿ. ಅಲ್ಲೆಲ್ಲ ಎರಡನೇ ಗೇರು, ಮೂರನೇ ಗೇರು, ತಿರುವು ಮುಗಿದ ಕೂಡಲೇ ಎಳೆತ ಬೇಕು. ನಡುವಿನ ದಮ್ಮು ಬೇಕು ನಮಗೆ, ತುದಿಯದಲ್ಲ. ಮಲೆನಾಡಿನವರು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ.

ಹೆಡರ್ ತರಿಸಿದ್ದು ಕೊಯಮತ್ತೂರಿನಿಂದ, 304 ಸ್ಟೇನ್‌ಲೆಸ್ ಸ್ಟೀಲ್‌ನದು. ವೆಲ್ಡಿಂಗ್ ಚೆನ್ನಾಗಿತ್ತು. ಆದರೆ ಇಂಜಿನ್‌ನ ಮೇಲ್ಭಾಗಕ್ಕೆ, ಅಂದರೆ ಹೆಡ್‌ಗೆ, ಕೂರುವ ಫ್ಲ್ಯಾಂಜ್ (ಪೈಪುಗಳ ತುದಿಗೆ ವೆಲ್ಡ್ ಮಾಡಿದ ಪಟ್ಟಿ) ಮೇಲೆ ನೆಟ್ಟಗಿನ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಎರಡೂ ತುದಿಯಲ್ಲಿ ಬೆಳಕು ಕಾಣುತ್ತಿತ್ತು. ಸಂದು ಅಳೆಯುವ ಅರ್ಧ ಮಿಲಿಮೀಟರ್ ಫೀಲರ್ ಗೇಜ್ ಸಲೀಸಾಗಿ ಒಳಗೆ ಹೋಯಿತು. ವೆಲ್ಡಿಂಗ್ ಬಿಸಿಗೆ ಪಟ್ಟಿ ಬಾಗುವುದು ಸಾಮಾನ್ಯ, ಆದರೆ ಮಾಡಿದವರು ಕೊನೆಗೆ ಒಂದು ಸಲ ಫೇಸ್ ಮಾಡಿ, ಅಂದರೆ ಮುಖ ಸಮತಟ್ಟಾಗಿ ಕೆರೆದು, ಕಳಿಸಬೇಕಿತ್ತು. ಕೇಳಿದರೆ, ‘ಬೋಲ್ಟ್ ಟೈಟ್ ಮಾಡಿ ಸಾರ್, ಕೂರುತ್ತೆ’ ಅಂದರು. ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ. ಬಿಸಿಯಾಗಿ ತಣ್ಣಗಾಗಿ ಮತ್ತೆ ಬಿಸಿಯಾಗುತ್ತಾ ಮೊದಲು ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಸುಡುತ್ತದೆ, ಇಲ್ಲವೇ ಹೆಡ್‌ನಲ್ಲಿ ಕೂತಿರುವ ತಲೆಯಿಲ್ಲದ ಬೋಲ್ಟು, ಅಂದರೆ ಸ್ಟಡ್, ತುಂಡಾಗುತ್ತದೆ.

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಡರ್ ಕೆಲಸ ಅಂದರೆ ಪೈಪಿನ ಕೆಲಸ ಅಲ್ಲ, ಆ ಫ್ಲ್ಯಾಂಜ್ ಮತ್ತು ಹೆಡ್ ಸೇರುವ ಮುಖದ ಕೆಲಸ. ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಟಿಕ್ ಟಿಕ್ ಸದ್ದು ಮಾತ್ರ ಬರುವುದಲ್ಲ. ಒತ್ತಡ ಇಳಿದ ಹೊತ್ತಿನಲ್ಲಿ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮುಂದೆ ಇರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ, ಪೆಟ್ರೋಲ್ ಕಡಿಮೆ ಆಯಿತು ಅಂತ ಇಂಜಿನ್‌ನ ಕಂಪ್ಯೂಟರ್ ಆದ ಇಸಿಯುಗೆ ಹೇಳುತ್ತದೆ. ಇಸಿಯು ನಂಬಿ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಬಿತ್ತು, ಪ್ಲಗ್ ಕಪ್ಪಾಯಿತು. ಎಷ್ಟೋ ಜನ ‘ಹೆಡರ್ ಹಾಕಿದ ಮೇಲೆ ಗಾಡಿ ಕುಡಿಯುತ್ತೆ’ ಅಂತ ಬೈಯುತ್ತಾರಲ್ಲ, ಅದರಲ್ಲಿ ಅರ್ಧಕ್ಕೆ ಕಾರಣ ಇಂಥ ಸಂದೇ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಹೆಡರ್ ಎತ್ತಿಕೊಂಡು ಕೆಎಂ ರಸ್ತೆ ಕಡೆಯ ಒಂದು ಬೋರಿಂಗ್ ಅಂಗಡಿಗೆ ಹೋದೆ. ಇಂಜಿನ್ ಹೆಡ್ ಫೇಸಿಂಗ್ ಮಾಡುವವರು. ಅಲ್ಲಿನ ಹಿರಿಯ ಮೇಸ್ತ್ರಿ ಅದನ್ನು ತಿರುಗಿಸಿ ನೋಡಿ, ‘ಪೈಪಿಗೆ ಹಿಡಿತ ಕೊಟ್ಟರೆ ಮತ್ತೆ ಬಾಗುತ್ತೆ ಕಣಪ್ಪ, ಪಟ್ಟಿಗೇ ಕೊಡಬೇಕು’ ಅಂದು, ಅದಕ್ಕೊಂದು ಆಧಾರ ಮಾಡಿಕೊಂಡು ನಿಧಾನಕ್ಕೆ ತೆಳುವಾಗಿ ಕೆರೆದು ಕೊಟ್ಟರು. ಪಟ್ಟಿ 10 ಮಿಲಿಮೀಟರ್ ದಪ್ಪ ಇದ್ದಿದ್ದರಿಂದ ಕೆರೆಯಲು ಜಾಗ ಇತ್ತು. ಹೆಡರ್ ತಗೊಳ್ಳುವಾಗ ಪಟ್ಟಿಯ ದಪ್ಪ ಕೇಳಿ ತಗೊಳ್ಳಿ. ತೆಳು ಪಟ್ಟಿಯದು ಬೇಡವೇ ಬೇಡ.

ಕೆಲಸ ಮಾಡಿದ್ದು ನಮ್ಮ ಕಾಫಿ ಕಣದಲ್ಲಿ. ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು, ಕಾಫಿ ಹೂ ಬಿಡಿಸುವ ಮಳೆ ಇನ್ನೂ ಬಿದ್ದಿರಲಿಲ್ಲ. ಸಿಮೆಂಟಿನ ಸಮತಟ್ಟು ನೆಲ, ಬೇಕಾದಷ್ಟು ಬೆಳಕು, ಗಾಡಿ ಎತ್ತಲು ಅದಕ್ಕಿಂತ ಒಳ್ಳೆಯ ಜಾಗ ಮಲೆನಾಡಿನಲ್ಲಿ ಸಿಗುವುದಿಲ್ಲ. ಜಾಕ್ ಮೇಲೆ ನಂಬಿ ಯಾವತ್ತೂ ಗಾಡಿ ಕೆಳಗೆ ಹೋಗಬೇಡಿ. ಕಲ್ಲು, ಇಟ್ಟಿಗೆ ಕೊಡಬೇಡಿ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಸರಿಯಾದ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟು, ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ನುಗ್ಗಬೇಕು.

ಬ್ಯಾಟರಿ ವೈರ್ ತೆಗೆದೆ. ಈ ಇಂಜಿನ್‌ನಲ್ಲಿ ಎಕ್ಸಾಸ್ಟ್ ಮುಂದೆ, ರೇಡಿಯೇಟರ್ ಕಡೆಗೇ ಇದೆ, ಅದೊಂದು ಪುಣ್ಯ. ಫ್ಯಾನ್ ಬಿಚ್ಚಿಟ್ಟರೆ ಕೈಯಾಡಿಸಲು ಜಾಗ ಸಿಗುತ್ತದೆ. ಆದರೆ ರೇಡಿಯೇಟರ್ ರೆಕ್ಕೆಗಳಿಗೆ ಪಾನಾ ತಾಗಿದರೆ ಕಥೆ ಮುಗಿಯಿತು, ಅದಕ್ಕೆ ದಪ್ಪ ರಟ್ಟು ಕಟ್ಟಿದೆ. ಆಮೇಲೆ ಬಿಸಿ ತಡೆಯುವ ತಗಡು, ಆಕ್ಸಿಜನ್ ಸೆನ್ಸರ್, ಕೆಳಗಿನ ಪೈಪಿನ ನಟ್ಟುಗಳು.

ತುಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರು ಬರೆದದ್ದು ಓದಿ ನಮ್ಮ ಕಡೆಯ ಗಾಡಿ ಬಿಚ್ಚಿದರೆ ಸ್ಟಡ್ ಮುರಿಯುವುದು ಗ್ಯಾರಂಟಿ. ನಾಲ್ಕು ತಿಂಗಳು ಜಡಿಮಳೆ, ಅದು ನಿಂತರೆ ಮಂಜು. ಈ ನಟ್ಟುಗಳು ಇಪ್ಪತ್ತು ವರ್ಷ ಕೆಂಪಗೆ ಕಾದು ಒದ್ದೆಯಾಗಿ ಹಿಡಿದುಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ, ಬೆಳಿಗ್ಗೆ ಮತ್ತೆ ಹಾಕಿದೆ. ಆರು ಮೂಲೆಯ ಸಾಕೆಟ್ಟೇ ಬೇಕು, ಹನ್ನೆರಡು ಮೂಲೆಯದು ನಟ್ಟಿನ ಅಂಚು ತಿಂದುಹಾಕುತ್ತದೆ. ಬಿಚ್ಚುವಾಗ ಒಂದೇ ಸಮ ಎಳೆಯಬಾರದು. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಟೈಟ್ ಮಾಡಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಒಂದು ಸ್ಟಡ್ ಮಾತ್ರ ಜಗ್ಗಲೇ ಇಲ್ಲ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಅಲ್ಲಿ ಬಲ ತೋರಿಸಿದರೆ ಹೆಡ್‌ನ ಒಳಗಿನ ಥ್ರೆಡ್ (ತಿರುಪಿನ ಗೆರೆ) ಕಿತ್ತು ಬರುತ್ತದೆ. ತೋಟದ ಪಂಪ್ ರಿಪೇರಿಗೆ ಬರುವ ವೆಲ್ಡರ್ ಅಣ್ಣನನ್ನು ಕರೆಸಿ, ಸ್ಟಡ್ ತುದಿಗೇ ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿಸಿದೆ. ಆ ಕಾವಿಗೆ ಸ್ಟಡ್ ಹಿಡಿತ ಬಿಟ್ಟು, ಪಾನಾಕ್ಕೆ ಸುಲಭವಾಗಿ ತಿರುಗಿ ಬಂತು. ಎಲ್ಲ ಸ್ಟಡ್‌ಗಳನ್ನೂ ಹೊಸದು ಹಾಕಿದೆ, ಎಂ8 ಅಳತೆ, ನಟ್ಟುಗಳೂ ಹೊಸವು. ಹಳೇ ಲಾಕ್ ನಟ್ಟು ಮತ್ತೆ ಹಾಕುವುದು ದುಡ್ಡು ಉಳಿಸುವ ಕೆಲಸ ಅಲ್ಲ.

ಹೆಡ್‌ನ ಮುಖದ ಮೇಲಿದ್ದ ಹಳೇ ಪ್ಯಾಕಿಂಗ್ ಕೆರೆಯಲು ಪ್ಲಾಸ್ಟಿಕ್ ಪಟ್ಟಿ ಸಾಕು, ಸ್ಕ್ರೂಡ್ರೈವರ್ ಹಾಕಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ. ಕೆರೆಯುವಾಗ ಪೋರ್ಟ್‌ಗಳಿಗೆ ಬಟ್ಟೆ ತುರುಕಿ, ಆಮೇಲೆ ನೆನಪಿನಿಂದ ತೆಗೆಯಿರಿ. ಹೊಸ ಪ್ಯಾಕಿಂಗ್ ಪದರ ಪದರ ಉಕ್ಕಿನದು, ಅದನ್ನು ಒಣಗಿದ್ದ ಹಾಗೆಯೇ ಹಾಕಬೇಕು. ಗಟ್ಟಿ ಇರಲಿ ಅಂತ ಸಿಲಿಕಾನ್ ಪೇಸ್ಟ್ ಬಳಿಯುವ ಅಭ್ಯಾಸ ನಮ್ಮ ಕಡೆ ಬಹಳ. ಅದರ ಹೊಗೆ ಆಕ್ಸಿಜನ್ ಸೆನ್ಸರ್‌ನ್ನು ಹಾಳು ಮಾಡುತ್ತದೆ. ಮುಖ ನೆಟ್ಟಗಿದ್ದರೆ ಪೇಸ್ಟ್ ಯಾಕೆ ಬೇಕು ಹೇಳಿ?

ಹೆಡರ್ ಕೂರಿಸುವಾಗ ಇಬ್ಬರು ಬೇಕೇ ಬೇಕು. ಚಿಕ್ಕಪ್ಪನ ಮಗ ಕೆಳಗಿನಿಂದ ಎತ್ತಿ ಹಿಡಿದ, ನಾನು ಮೇಲಿನಿಂದ ನಟ್ಟುಗಳನ್ನು ಬರೀ ಕೈಯಲ್ಲಿ ಹಾಕಿದೆ. ಮೊದಲು ಎಲ್ಲ ಜೋಡಣೆಯನ್ನೂ ಸಡಿಲವಾಗಿಯೇ ಸೇರಿಸಬೇಕು, ಹೆಡ್ ಕಡೆಯದೂ, ಕೆಳಗಿನ ಪೈಪಿನದೂ. ಎಲ್ಲ ತಾನಾಗಿ ಕೂತ ಮೇಲೆ ಹೆಡ್ ಕಡೆ ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗುತ್ತಾ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ ಕೊನೆಗೆ 31 ನ್ಯೂಟನ್ ಮೀಟರ್. ಇದು ಕೈ ಅಂದಾಜಿಗಿಂತ ಕಡಿಮೆ, ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಎಲ್ಲರೂ ಇದಕ್ಕಿಂತ ಜಾಸ್ತಿಯೇ ಬಿಗಿ ಮಾಡುತ್ತಾರೆ. ಸೆನ್ಸರ್‌ನ ಥ್ರೆಡ್ಡಿಗೆ ಮಾತ್ರ, ಮುಂದೆ ಹಿಡಿದುಕೊಳ್ಳದ ಹಾಗೆ, ಆಂಟಿ ಸೀಜ್ ಪೇಸ್ಟ್ ಸವರಿದೆ, ತುದಿಗೆ ಒಂದು ಹನಿಯೂ ತಾಗಬಾರದು.

ಸ್ಟೇನ್‌ಲೆಸ್ ಚೆನ್ನಾಗಿ ಹಿಗ್ಗುತ್ತದೆ ಅನ್ನುವುದನ್ನೂ ಮರೆಯಬೇಡಿ. 60 ಸೆಂಟಿಮೀಟರ್ ಪೈಪು 500 ಡಿಗ್ರಿ ಬಿಸಿಯೇರಿದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಹೋಗಲು ಜಾಗ ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಹಾಗಾಗಿ ಕೆಳಗೆ ಬಳುಕುವ ಹೆಣಿಗೆ ಪೈಪಿನ ತುಂಡು ಇರಲೇಬೇಕು. ಇನ್ನು ಹೆಡರ್‌ಗೆ ಸುತ್ತುವ ಬಟ್ಟೆ. ನೋಡಲು ರೇಸ್ ಗಾಡಿಯ ಹಾಗೆ ಕಾಣುತ್ತದೆ, ಆದರೆ ನಮ್ಮ ಮಳೆಗೆ ಅದು ನೀರು ಹೀರಿಕೊಂಡು ಕೂತು, ಸಾದಾ ಉಕ್ಕಿನ ಹೆಡರ್ ಆಗಿದ್ದರೆ ಬೇಗ ತಿಂದುಹಾಕುತ್ತದೆ. ನಾನು ಸುತ್ತಲಿಲ್ಲ, ತಗಡಿನ ಹೀಟ್ ಶೀಲ್ಡನ್ನೇ ಬಗ್ಗಿಸಿ ಕೂರಿಸಿದೆ.

4-2-1ಕ್ಕೆ ಒಂದು ತೊಂದರೆ ಇದೆ, ಅದನ್ನೂ ಹೇಳಬೇಕಲ್ವಾ. ಪೈಪು ಉದ್ದ ಇರುವುದರಿಂದ ಸೇರುವ ಜಾಗ ಇಂಜಿನ್ ಆಯಿಲ್ ನಿಲ್ಲುವ ಸಂಪ್‌ನ ಕೆಳಗೆ ಬರುತ್ತದೆ. ಸಿಟಿ ಮೊದಲೇ ತಗ್ಗು, ನಮ್ಮ ತೋಟದ ರಸ್ತೆಯ ನಡುವೆ ಕಲ್ಲು ಎದ್ದಿರುತ್ತದೆ. ನಾಲ್ಕು ಜನ ಕೂತಾಗ ಎಷ್ಟು ಅಂತರ ಉಳಿಯುತ್ತದೆ ಅಂತ ಅಳೆದು ನೋಡಿ, ಅಡಿಗೆ ಒಂದು ದಪ್ಪ ತಗಡು ಕಟ್ಟಿಸಿದೆ. ಆಯಿಲ್ ಬಿಚ್ಚುವ ಬೋಲ್ಟಿಗೆ ದಾರಿ ಬಿಡಲು ಅದರಲ್ಲಿ ತೂತು ಇದೆ.

ಸ್ಟಾರ್ಟ್ ಮಾಡುವ ಮುಂಚೆ ಪೈಪುಗಳ ಮೇಲಿನ ಕೈಗುರುತನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿದೆ, ಇಲ್ಲದಿದ್ದರೆ ಆ ಎಣ್ಣೆ ಸುಟ್ಟು ಕಲೆ ಉಳಿಯುತ್ತದೆ. ಸೋರಿಕೆ ನೋಡಲು ಸುಲಭ ದಾರಿ ಇದೆ. ಇಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಕಡೆಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಕೊಟ್ಟು, ಜೋಡಣೆಗಳ ಮೇಲೆ ಸೋಪು ನೀರು ಚಿಮುಕಿಸಿ. ಗುಳ್ಳೆ ಬಂದ ಕಡೆ ಸಂದು ಇದೆ ಅಂತ ಅರ್ಥ. ಹೆಡ್ ಕಡೆ ಒಂದು ಗುಳ್ಳೆಯೂ ಬರಲಿಲ್ಲ. ಆ ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ, ‘ಬರಲ್ಲ ಬಿಡು’ ಅಂದರು ಅಷ್ಟೇ.

ಈಗ ಕಾನೂನು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ನನ್ನ ಗಾಡಿಯಲ್ಲಿ ಕೆಳಗೆ ಬೇರೆಯಾಗಿ ಇದೆ, ಅದನ್ನೂ ಸೈಲೆನ್ಸರನ್ನೂ ಮುಟ್ಟಿಲ್ಲ. ಎಷ್ಟೋ ಹೊಸ ಗಾಡಿಗಳಲ್ಲಿ ಕ್ಯಾಟ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡಿರುತ್ತದೆ. ಅಂಥ ಗಾಡಿಗೆ ಹೆಡರ್ ಅಂದರೆ ಕ್ಯಾಟ್ ಕಿತ್ತು ಹಾಕಿದಂತೆಯೇ, ಅದನ್ನು ರಸ್ತೆ ಗಾಡಿಗೆ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಒಪ್ಪುವುದಿಲ್ಲ. ಹೊಗೆ, ಸದ್ದು ಮಿತಿ ಮೀರಿದರೆ 190ನೇ ಸೆಕ್ಷನ್, 2019ರ ತಿದ್ದುಪಡಿ ಆದ ಮೇಲೆ ದಂಡ 10,000 ರೂಪಾಯಿವರೆಗೆ. ಇನ್ಶೂರೆನ್ಸ್‌ನವರೂ ಇದನ್ನು ಹಿಡಿದು ಕೇಳಬಹುದು. ಹೆಡರ್ ಹಾಕಿದ ಮೇಲೆ ಎಮಿಷನ್ ಟೆಸ್ಟ್ ಮಾಡಿಸಿದೆ, ಪಾಸಾಯಿತು.

ಸದ್ದಿನ ವಿಷಯದಲ್ಲಿ ನನಗೆ ದಂಡಕ್ಕಿಂತ ದೊಡ್ಡ ಕಾರಣ ಇದೆ. ಒಂದು ಕಡೆ ಮುತ್ತೋಡಿ, ಭದ್ರಾ ಹುಲಿ ಮೀಸಲು. ಇನ್ನೊಂದು ಕಡೆ ಆಲ್ದೂರು, ಮೂಡಿಗೆರೆ ತೋಟಗಳಲ್ಲಿ ಆನೆ ಓಡಾಟ. ರಾತ್ರಿ ಅಂಥ ರಸ್ತೆಯಲ್ಲಿ ಪಟಪಟ ಸದ್ದು ಮಾಡಿಕೊಂಡು ಹೋಗುವವರನ್ನು ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ವಾರದ ಕೊನೆಗೆ ಗಿರಿ ಕಡೆ ಬರುವವರಲ್ಲಿ ಇಂಥವರು ಜಾಸ್ತಿ. ಗಾಡಿ ಪ್ರೀತಿಸುವವರ ಹೆಸರು ಕೆಡುವುದು ಇದರಿಂದಲೇ.

ಗಾಡಿ ಹೇಗಿದೆ ಅಂದರೆ, ಕಾಗದದ ಮೇಲೆ ದೊಡ್ಡ ಲೆಕ್ಕ ಏನಿಲ್ಲ. ಉಳಿದದ್ದೆಲ್ಲ ಹಾಗೇ ಇರುವ ಇಂಜಿನ್‌ಗೆ ಬರೀ ಹೆಡರ್ ಹಾಕಿದರೆ ಸಿಗುವುದು ಬೆರಳೆಣಿಕೆಯಷ್ಟು ಕುದುರೆಗಳು. ಆದರೆ ಕೈಮರದ ಮೇಲಿನ ತಿರುವುಗಳಲ್ಲಿ ಮೊದಲು ಎರಡನೇ ಗೇರಿಗೆ ಇಳಿಸುತ್ತಿದ್ದ ಕೆಲವು ಕಡೆ ಈಗ ಮೂರರಲ್ಲೇ ಎಳೆದುಕೊಂಡು ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಮಾತು ಕೇಳುತ್ತದೆ. ಚಿಕ್ಕಪ್ಪ ಒಂದು ಸುತ್ತು ಓಡಿಸಿ ಬಂದು, ‘ಟ್ಯೂನಿಂಗ್ ಮಾಡಿಸಿದೆಯೇನೋ?’ ಅಂದರು. ಹೆಡರ್ ಅಂತ ಹೇಳಿದರೆ, ‘ಸೌಂಡೇ ಇಲ್ವಲ್ಲ ಮತ್ತೆ’ ಅಂದರು.

ಕೆಲವು ಸಲ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚ್ ಹಿಡಿದು ಮತ್ತೆ ನೋಡಲೇಬೇಕು, ಇಂಜಿನ್ ಪೂರ್ತಿ ತಣ್ಣಗಿರುವಾಗ. ನನ್ನದರಲ್ಲಿ ತುದಿಯ ಎರಡು ನಟ್ಟು ಸ್ವಲ್ಪ ತಿರುಗಿದವು. ಹಳೇ ಮ್ಯಾನಿಫೋಲ್ಡನ್ನು ಮಾರಬೇಡಿ, ಗುಜರಿಗೂ ಹಾಕಬೇಡಿ. ಈ ಮಾಡೆಲ್‌ನ ಬಿಡಿಭಾಗ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟ ಆಗುತ್ತಿದೆ, ಮತ್ತೆ ಹಾಕಬೇಕಾದ ದಿನ ಬಂದರೆ ಅದು ಬೇಕಾಗುತ್ತದೆ. ನನ್ನದಕ್ಕೆ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಪಲ್ಪರ್ ಶೆಡ್ಡಿನ ಅಟ್ಟದ ಮೇಲೆ ಇಟ್ಟಿದ್ದೇನೆ, ಹಳೇ ಹೀಟ್ ಶೀಲ್ಡಿನ ಬೋಲ್ಟುಗಳನ್ನೂ ಒಂದು ಡಬ್ಬಿಗೆ ಹಾಕಿ ಅದರ ಜೊತೆಗೇ.