ಎಂಟು ಸೆಲ್ ಸೇರಿ ಒಂದು ಉಂಡೆ

ನಿನ್ನೆ ರಾತ್ರಿ ಇಲಿ ಭ್ರೂಣದ ಒಂದು ವಿಡಿಯೋ ನೋಡ್ತಾ ಕೂತಿದ್ದೆ, ಎಂಟು ಸೆಲ್ (ಜೀವಕೋಶ) ಆಗೋವರೆಗೂ ಒಂದೊಂದೂ ದ್ರಾಕ್ಷಿ ಥರ ದುಂಡಗೆ ಬೇರೆಬೇರೆ ಕಾಣ್ತವೆ, ಆಮೇಲೆ ಕೆಲವೇ ಗಂಟೇಲಿ ಒಂದಕ್ಕೊಂದು ಒತ್ಕೊಂಡು ಚಪ್ಪಟೆಯಾಗಿ ನಡುವಿನ ಗೆರೆನೇ ಕಾಣದ ಹಾಗೆ ನುಣುಪಾದ ಉಂಡೆ ಆಗ್ಬಿಡ್ತವೆ. ಮೂರು ಸಲ ಹಿಂದಕ್ಕೆ ಹಾಕಿ ನೋಡ್ದೆ!

ಹೀಗೆ ಹಿಡ್ಕೊಳೋ ಕೆಲಸ ಮುಖ್ಯವಾಗಿ ಇ-ಕ್ಯಾಡ್ಹೆರಿನ್ ಅನ್ನೋ ಪ್ರೋಟೀನ್‌ದು. ಸೆಲ್‌ನಿಂದ ಹೊರಗೆ ಚಾಚ್ಕೊಂಡಿರುತ್ತೆ, ಪಕ್ಕದ ಸೆಲ್‌ನಲ್ಲಿರೋ ಅದೇ ಪ್ರೋಟೀನನ್ನ ಹಿಡ್ಕೊಳುತ್ತೆ, ಆದ್ರೆ ಕ್ಯಾಲ್ಸಿಯಂ ಇದ್ರೆ ಮಾತ್ರ. ಸುತ್ತಲಿನ ದ್ರವದಿಂದ ಕ್ಯಾಲ್ಸಿಯಂ ತೆಗೆದ್ರೆ ಉಂಡೆ ಸಡಿಲ ಆಗಿ ಮತ್ತೆ ದ್ರಾಕ್ಷಿ, ವಾಪಸ್ ಹಾಕಿದ್ರೆ ಮತ್ತೆ ಉಂಡೆ. ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಚಿ 1970ರ ದಶಕದಲ್ಲಿ ಈ ಕ್ಯಾಲ್ಸಿಯಂ ಜಾಡು ಹಿಡಿದೇ ಕ್ಯಾಡ್ಹೆರಿನ್ ತನಕ ಹೋದ್ರು.

ನಂಗೆ ಇದಕ್ಕಿಂತ ಹಳೇದಾದ 1955ರ ಪ್ರಯೋಗ ಇನ್ನೂ ಇಷ್ಟ. ಟೌನ್ಸ್ ಮತ್ತೆ ಹೋಲ್ಟ್‌ಫ್ರೆಟರ್ ಅನ್ನೋ ವಿಜ್ಞಾನಿಗಳು ಉಭಯಚರಗಳ ಭ್ರೂಣ ತಗೊಂಡು ಕ್ಷಾರದ ದ್ರಾವಣದಲ್ಲಿ ಸೆಲ್‌ಗಳನ್ನ ಬಿಡಿಬಿಡಿ ಮಾಡಿ, ಚರ್ಮ ಆಗೋವು ನರ ಆಗೋವು ಎಲ್ಲಾ ಕಲಸಿಬಿಟ್ರು, ಅವು ಮೊದಲು ಸಿಕ್ಕಸಿಕ್ಕಂಗೆ ಅಂಟ್ಕೊಂಡು ಆಮೇಲೆ ತಾವೇ ನಿಧಾನಕ್ಕೆ ಜಾಗ ಬದಲಾಯಿಸ್ಕೊಂಡು ಚರ್ಮದ್ದೆಲ್ಲ ಹೊರಗೆ, ನರದ್ದೆಲ್ಲ ಒಳಗೆ ಹೋಗಿ ಸೇರ್ಕೊಂಡ್ವು. ತಮ್ಮವರು ಯಾರು ಅಂತ ಮುಟ್ಟೇ ತಿಳ್ಕೊಂಡ ಹಾಗೆ! ಭ್ರೂಣದಲ್ಲೂ ಇದೇ ಕಥೆ, ಬೆನ್ನುಹುರಿ ಆಗೋ ನಾಳ ಮೇಲಿನ ಚರ್ಮದಿಂದ ಬಿಡಿಸ್ಕೊಳೋವಾಗ ಅದರ ಸೆಲ್‌ಗಳು ಇ-ಕ್ಯಾಡ್ಹೆರಿನ್ ಬಿಟ್ಟು ಅದೇ ಗುಂಪಿನ ಇನ್ನೊಂದು ಪ್ರೋಟೀನ್ ಆದ ಎನ್-ಕ್ಯಾಡ್ಹೆರಿನ್‌ಗೆ ಬದಲಾಗ್ತವೆ.