ಜ್ವರ ಬಂದವರಿಗೆ ಕರುಳಿನ ಕ್ಯಾಮೆರಾ ಯಾಕೆ?

ಮಂಡ್ಯದಲ್ಲಿ ಲ್ಯಾಬ್ ಕೆಲಸ ಮಾಡುವ ನನ್ನನ್ನು ಆಗಾಗ ಯಾರಾದರೂ ಕೇಳುತ್ತಾರೆ: "ಅಲ್ಲ ಕಣಕ್ಕ, ನಮ್ಮಪ್ಪಂಗೆ ಬಂದಿರೋದು ಜ್ವರ. ಶುಗರ್ ಇದೆ, ಇನ್ಫೆಕ್ಷನ್ ಆಗೋದು ಮಾಮೂಲು. ಅದಕ್ಯಾಕೆ ಕರುಳೊಳಗೆ ಕ್ಯಾಮೆರಾ ಬಿಡೋ ಕೊಲೊನೋಸ್ಕೋಪಿ? ದುಡ್ಡು ಕೀಳಕ್ಕಾ?"

ಮಾಮೂಲು ಅನ್ನೋದು ಅರ್ಧ ನಿಜ. ಶುಗರ್ ಜಾಸ್ತಿ ಇದ್ದರೆ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಕಾಲಿನ ಗಾಯ, ಉರಿಮೂತ್ರ ಮತ್ತೆ ಮತ್ತೆ ಬರುತ್ತವೆ. ಅದಕ್ಕೆಲ್ಲ ಯಾರೂ ಕರುಳು ನೋಡುವುದಿಲ್ಲ. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಬ್ಲಡ್ ಕಲ್ಚರ್‌ನಲ್ಲಿ, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆಯಲ್ಲಿ, ಏನು ಬೆಳೆಯಿತು?

ಕಲ್ಚರ್ ಬಾಟಲಿಯಿಂದ ಒಂದು ಹನಿ ತೆಗೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಲವೊಮ್ಮೆ ನೇರಳೆ ಮಣಿ ಪೋಣಿಸಿದ ಸರ ಕಾಣುತ್ತದೆ. ಹಾಗೆ ಸರದಂತೆ ಕಾಣುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್. ಹಳೇ ಹೆಸರು ಬೋವಿಸ್, ಅಂದರೆ ದನದ್ದು. ಕೆಲವರ ಕರುಳಲ್ಲಿ ಇದು ಸುಮ್ನೆ ಇರುತ್ತದೆ. ಒಳಗೆ ಗಡ್ಡೆ ಬೆಳೆದು ಕರುಳಿನ ಒಳಪದರ ಹಾಳಾದರೆ ರಕ್ತಕ್ಕೆ ನುಸುಳುತ್ತದೆ, ಹೃದಯದ ಕವಾಟದ ಮೇಲೆ ಕೂರುವುದೂ ಉಂಟು. ಕರುಳಿನ ಗಡ್ಡೆಗೂ ಇಂಥ ಸೋಂಕಿಗೂ ಇರುವ ನಂಟನ್ನು 1951ರಲ್ಲೇ ಗುರುತಿಸಿದ್ದರು. ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕರೂ ಕರುಳಿನ ಮೇಲೆ ಅನುಮಾನ. ಶುಗರ್ ಇದ್ದವರ ಲಿವರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದ ಕೀವು ತುಂಬಿ, ಬೇರೆ ಕಾರಣ ಕಾಣದಿದ್ದರೆ ಆಗಲೂ ಕರುಳು ನೋಡುವುದು ಒಳ್ಳೆಯದು.

ನನಗೆ ಸಿಟ್ಟು ಬರುವುದು ಎಲ್ಲವನ್ನೂ ಶುಗರ್ ತಲೆಗೆ ಕಟ್ಟುವುದಕ್ಕೆ. ಸುಸ್ತಾ? ಶುಗರ್. ತೂಕ ಇಳಿಯಿತಾ? ಶುಗರ್. ಭೇದಿಯಾ? ಶುಗರ್‌ಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಇರಬೇಕು. ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ. ಒಂದೊಂದೂ ನಿಜ ಇರಬಹುದು. ಆದರೆ ಗಡ್ಡೆ ಅಡಗುವುದೂ ಇವುಗಳ ಹಿಂದೆಯೇ ಅಲ್ವಾ? ಗಂಡಸರಿಗೆ ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರಂತೂ ಬಿಡಬಾರದು.

ಇನ್ನೊಂದು ತಕರಾರು. ಮೆಡಿಕಲ್ ಸ್ಟೋರಿನ ಆ್ಯಂಟಿಬಯಾಟಿಕ್ ಎರಡು ದಿನ ನುಂಗಿ ಆಮೇಲೆ ರಕ್ತ ಕೊಡಲು ಬರುತ್ತಾರೆ. ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು. ಜ್ವರ ಇಳಿಯುತ್ತದೆ, ತಿಂಗಳಾದ ಮೇಲೆ ಮತ್ತೆ ಬರುತ್ತದೆ.

ಕ್ಯಾಮೆರಾ ಹಾಕಿದರೆ ಕ್ಯಾನ್ಸರೇ ಸಿಗುತ್ತದೆ ಅಂತಲ್ಲ. ಎಷ್ಟೋ ಸಲ ಸಿಗುವುದು ಪಾಲಿಪ್, ಅಂದರೆ ಸಣ್ಣ ಗಂಟು. ಸಾಮಾನ್ಯವಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಏನೂ ಸಿಗದವರೂ ಇದ್ದಾರೆ.

"ನೋಯುತ್ತಾ ಅಕ್ಕ?" ಸಾಮಾನ್ಯವಾಗಿ ಮಂಪರು ಕೊಡುತ್ತಾರೆ. ಕಷ್ಟ ಇರುವುದು ಹಿಂದಿನ ದಿನ, ಲೀಟರುಗಟ್ಟಲೆ ಔಷಧಿ ನೀರು ಕುಡಿದು ಕರುಳು ಖಾಲಿ ಮಾಡಿಕೊಳ್ಳುವುದರಲ್ಲಿ. ಅವತ್ತು ಊಟ ಇರುವುದಿಲ್ಲ. ಇನ್ಸುಲಿನ್, ಶುಗರ್ ಮಾತ್ರೆ ಎಷ್ಟು ತಗೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಂಡು ಹೋಗಿ.